ಹತ್ತನೆಯ ಬಾಗಿಲು

ಗೂಡ್ಸ್ ರೈಲು ನಿಲ್ಲುವ ಹಳಿಗಳ ಹಿಂದಿನ ಬೀದಿಯಲ್ಲಿ ಬಾಗಿಲು ಮಾಡುವ ಒಂದು ಶೆಡ್ಡಿತ್ತು. ಊರಿಗೆಲ್ಲ ಬಾಗಿಲು ಮಾಡಿಕೊಟ್ಟರೂ ಆ ಶೆಡ್ಡಿಗೆ ಮಾತ್ರ ಬಾಗಿಲಿರಲಿಲ್ಲ. ಸಂಜೆಯಾದರೆ ಒಂದು ತಗಡು ಎಳೆದು ಬೀಗ ಜಡಿಯುತ್ತಿದ್ದರು, ಅಷ್ಟೆ. ಬಾಗಿಲಿರಬೇಕಾದ ಜಾಗದ ನೆತ್ತಿಯ ಮೇಲೆ ಎರಡು ಕೊಕ್ಕೆ, ಕೊಕ್ಕೆಗಳ ಮೇಲೆ ಅಡ್ಡಲಾಗಿ ಒಂದು ಹಳೆಯ ಅಳತೆಕೋಲು. ಒಳಗೆ ಮುಗಿದ ಬಾಗಿಲು ಯಾವುದೇ ಇರಲಿ, ಆ ಕೋಲಿನ ಕೆಳಗೆ ಹಾಯ್ದೇ ಹೊರಗೆ ಹೋಗಬೇಕು. ಹೋಗುವಾಗ ಗೋಡೆಯ ಮೇಲೆ ಸೀಮೆಸುಣ್ಣದ ಒಂದು ಗೀಟು. ಒಂಬತ್ತು ಗೀಟು ಆದ ಮೇಲೆ ಬರುವ ಬಾಗಿಲಿಗೆ ಗೀಟಿಲ್ಲ. ಅದರ ಅಂಚಿಗೆ, ಕೀಲು ಕೂತ ಮೇಲೆ ಯಾರ ಕಣ್ಣಿಗೂ ಬೀಳದ ಜಾಗದಲ್ಲಿ, ಕಾದ ಮೊಳೆಯಿಂದ ಒಂದು ಬೊಟ್ಟು ಸುಡುವುದು. ಆಮೇಲೆ ಆ ಬಾಗಿಲು ಮಾರಾಟಕ್ಕಿಲ್ಲ. ಬಾಗಿಲಿಲ್ಲದ ಒಂದು ಮನೆ ಹುಡುಕಿ, ಹೊತ್ತುಕೊಂಡು ಹೋಗಿ, ಕೂರಿಸಿ ಬರುವುದು.

ಈ ಕ್ರಮ ತಂದವನು ಈಗ ಶೆಡ್ಡು ನಡೆಸುವ ಅಕ್ಕ ತಮ್ಮಂದಿರ ಅಪ್ಪ. ದೇವರ ಪುಸ್ತಕದಲ್ಲಿ ಕುರಿಗಾಹಿಗೆ ಹೇಳಿದ ಮಾತು ಅವನ ತಲೆಗೆ ಹೊಕ್ಕಿತ್ತು: ಕುರಿಗಳು ಒಂದೊಂದಾಗಿ ಕೋಲಿನ ಕೆಳಗೆ ಹಾಯಲಿ, ಹತ್ತನೆಯದು ಯಾವುದು ಬಂದರೆ ಅದು ದೇವರದ್ದು, ಒಳ್ಳೆಯದೋ ಕೆಟ್ಟದ್ದೋ ಎಂದು ತಿರುಗಿಸಿ ನೋಡಕೂಡದು.

"ನಮ್ಮ ಹತ್ರ ಕುರಿ ಇಲ್ಲ. ಬಾಗಿಲಿದೆ," ಎಂದು ಹೇಳಿ ಕೊಕ್ಕೆ ಹೊಡೆದಿದ್ದ.

ಅದಕ್ಕಿಂತ ಹೆಚ್ಚಿಗೆ ಅವನೇನೂ ಹೇಳಿರಲಿಲ್ಲ. ಈಗ ಕೇಳೋಣವೆಂದರೆ ಅವನಿಗೆ ಮಾತಿಲ್ಲ. ಎರಡು ವರ್ಷದ ಹಿಂದೆ ಲಕ್ವ ಹೊಡೆದು ನಾಲಗೆಯನ್ನೂ ಬಲಗೈಯನ್ನೂ ಕಿತ್ತುಕೊಂಡಿತ್ತು. ಶೆಡ್ಡಿನ ಮೂಲೆಯ ಬೆಂಚಿನ ಮೇಲೆ ಕೂತು, ತೋಪಡದಿಂದ ಸುರುಳಿ ಸುರುಳಿಯಾಗಿ ಬೀಳುವ ಮರದ ಸಿಪ್ಪೆಯನ್ನು ನೋಡುವುದೇ ಅವನ ದಿನ. ಮಗಳಿಗೆ ಒಮ್ಮೊಮ್ಮೆ ಅನ್ನಿಸುತ್ತಿತ್ತು, ಅಪ್ಪ ಮಾತಾಡುತ್ತಿದ್ದಾಗ ತನಗೆ ಕೇಳಿಸದ ಎಷ್ಟೋ ಮಾತು ಈ ಮೌನದಲ್ಲಿ ಕೇಳಿಸುತ್ತಿದೆಯಲ್ಲ ಎಂದು.

ಮಗಳನ್ನು ಬೀದಿಯವರು ಬಾಗಿಲಕ್ಕ ಎಂದು ಕರೆಯುತ್ತಿದ್ದರು. ತಾಯಿ ಹೋದಾಗ ಅವಳಿಗೆ ಹದಿನಾರು, ತಮ್ಮನಿಗೆ ಆರು. ತಮ್ಮನನ್ನು ಸೊಂಟದ ಮೇಲೆ, ಗರಗಸವನ್ನು ಕೈಯಲ್ಲಿ ಹಿಡಿದು ಬೆಳೆದವಳು. ಚೌಕಟ್ಟು, ಜೋಡಣೆ, ಅಳತೆ ಅವಳದು. ಕೆತ್ತನೆ ತಮ್ಮನದು. ಅವನ ಉಳಿ ಮರದ ಮೇಲೆ ಹರಿದರೆ ಬೆಣ್ಣೆಯ ಮೇಲೆ ಹರಿದ ಹಾಗೆ. ಆದರೆ ಬೀದಿಯ ಮನೆಗಳಿಗೆ ಬೇಕಾದ್ದು ನಾಲ್ಕು ಹಲಗೆ, ಒಂದು ಚಿಲಕ. ಕೆತ್ತನೆ ಯಾರಿಗೆ ಬೇಕು? ಹಾಗಾಗಿ ಅವನ ಕೈ ಹಸಿದುಕೊಂಡೇ ಇತ್ತು.

ಆ ಹಸಿವಿಗೆ ಊಟ ಬಡಿಸಿದವರು ಜವಳಿ ಸಾಹುಕಾರರು. ಪ್ರಾರ್ಥನಾ ಮಂದಿರದ ಹಿರಿಯರು ಅವರು. ಗಳಿಸಿದ್ದರಲ್ಲಿ ಹತ್ತನೆಯ ಒಂದು ಪಾಲು ದಶಮಾಂಶವಾಗಿ ಕೊಡಿ, ಆಕಾಶದ ಕಿಟಕಿ ತೆರೆದು ದೇವರು ಆಶೀರ್ವಾದ ಸುರಿಸುತ್ತಾನೆ ಎಂಬ ಭಾಗವನ್ನು ಭಾನುವಾರ ಗಟ್ಟಿ ದನಿಯಲ್ಲಿ ಓದುವವರೂ ಅವರೇ. ಮುಖ್ಯ ಬೀದಿಯಲ್ಲಿ ಮನೆ ಕಟ್ಟಿಸುತ್ತಿದ್ದರು. "ಮುಂಬಾಗಿಲು ನಿಮ್ಮದು. ಮನಸ್ಸಿಗೆ ಬಂತೋ, ನಾನೇ ಕಟ್ಟಿಸ್ತಿರೋ ವಿದ್ಯಾರ್ಥಿನಿಲಯದ ಅರವತ್ತು ಬಾಗಿಲೂ ನಿಮ್ಮದೇ," ಅಂದರು. ಮುಂಗಡ ಎಂದು ಬಿಡಿಗಾಸನ್ನೂ ಕೊಡಲಿಲ್ಲ. ಸಾಹುಕಾರರ ಮಾತೇ ಮುಂಗಡ.

ಅಪ್ಪ ಇಪ್ಪತ್ತು ವರ್ಷದಿಂದ ಎತ್ತಿಟ್ಟಿದ್ದ ತೇಗದ ತೊಲೆ ಕೆಳಗಿಳಿಯಿತು. ತಮ್ಮ ನಾಲ್ಕು ತಿಂಗಳು ಅದರ ಮೇಲೆ ಬಾಗಿದ. ಬಾಗಿಲ ತುಂಬ ಒಂದು ದಾಳಿಂಬೆ ಗಿಡ. ಹಣ್ಣುಗಳ ಭಾರಕ್ಕೆ ಜಗ್ಗಿದ ಕೊಂಬೆಗಳು. ಚಿಲಕದ ಪಕ್ಕದಲ್ಲಿ ಬಿರಿದ ಒಂದು ಹಣ್ಣು, ಅದರೊಳಗೆ ಬೀಜ ಬೀಜವಾಗಿ ಎದ್ದ ಕೆತ್ತನೆ. ಅಕ್ಕ ಒಂದು ದಿನ ಕೈಯಾಡಿಸಿ, "ಸಾಕು ಬಿಡೋ, ಇನ್ನು ಸ್ವಲ್ಪ ಕೆತ್ತಿದ್ರೆ ರಸ ಸುರಿಯುತ್ತೆ," ಅಂದಳು. ತಮ್ಮ ನಾಚಿ ನಕ್ಕ. ಆಮೇಲೆ ಬಹಳ ದಿನ ಅವರಿಬ್ಬರೂ ಕೂಡಿ ನಗಲಿಲ್ಲ.

ಯಾಕೆಂದರೆ ಗೋಡೆಯ ಮೇಲೆ ಒಂಬತ್ತು ಗೀಟು ಬಿದ್ದಿದ್ದವು. ತೇಗದ ಬಾಗಿಲಿಗೆ ಉಳಿದದ್ದು ಕೊನೆಯ ಕೈ ಪಾಲಿಶ್ ಮಾತ್ರ. ಅದರ ಪಕ್ಕದಲ್ಲಿ ಇನ್ನೊಂದು, ಯಾರದೋ ಬಚ್ಚಲಿಗೆಂದು ಮಾಡಿದ್ದ ಬಡಕಲು ಬಾಗಿಲು, ನಡುವೆ ಸೀಳು ಬಿಟ್ಟು ಅರ್ಧಕ್ಕೇ ನಿಂತಿತ್ತು.

"ಅಕ್ಕ, ಬಚ್ಚಲ ಬಾಗಿಲು ಮೊದಲು ಮುಗಿಸಿ ದಾಟಿಸಿಬಿಡೋಣ."

"ಯಾವುದು ಮೊದಲು ಮುಗಿಯುತ್ತೋ ಅದು ಮೊದಲು."

"ಹಾಗಂದ್ರೆ ಇದು ಹತ್ತನೆಯದಾಗುತ್ತೆ."

"ಆದ್ರೆ ಆಗುತ್ತೆ."

"ತಲೆ ಕೆಟ್ಟಿದ್ಯಾ? ಸಾಹುಕಾರರಿಗೆ ಏನು ಹೇಳ್ತೀಯ?"

"ಇನ್ನೊಂದು ಮಾಡಿಕೊಡ್ತೀವಿ ಅಂತ. ಸ್ವಲ್ಪ ತಡ ಆಗುತ್ತೆ ಅಂತ."

"ಅವರು ಹೊಸಮನೆ ಸೇರೋದು ಇನ್ನು ಹತ್ತು ದಿನಕ್ಕೆ! ಗೋಣಿತಾಟು ನೇತುಹಾಕಿಕೊಂಡು ಸೇರ್ತಾರಾ?"

"ಗೋಣಿತಾಟು ಹಾಕ್ಕೊಂಡು ಬದುಕೋರು ಇದಾರೆ ಕಣೋ," ಅಂದಳು ಅಕ್ಕ.

ಅವಳ ಮನಸ್ಸಿನಲ್ಲಿದ್ದದ್ದು ಇಸ್ತ್ರಿಯಮ್ಮ. ಹಳೆಯ ಗೋದಾಮಿನ ಹಿಂದೆ ಸಾಲುಮನೆಗಳ ಕೊನೆಯ ಕೋಣೆಯಲ್ಲಿ ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡಿದ್ದ ವಿಧವೆ. ಊರಿನ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು. ಕೋಣೆಗೆ ಬಾಗಿಲಿನ ಜಾಗದಲ್ಲಿ ಒಂದು ಹಾಸುಬಟ್ಟೆ. ಹೊಸ್ತಿಲ ಮೇಲೆ ತಾನು ಅಡ್ಡ ಮಲಗಿ, ಇಸ್ತ್ರಿ ಪೆಟ್ಟಿಗೆಯನ್ನು ತಲೆಯ ಬಳಿ ಇಟ್ಟುಕೊಳ್ಳುತ್ತಿದ್ದಳು. ಕಳೆದ ತಿಂಗಳು ಒಂದು ಮುಸ್ಸಂಜೆ ಯಾರೋ ಆ ಬಟ್ಟೆ ಎತ್ತಿ ಒಳಗೆ ನೋಡಿ, ನಕ್ಕು, ಹೋಗಿದ್ದ. ಅಷ್ಟೇ ನಡೆದದ್ದು. ಅವತ್ತಿನಿಂದ ದೊಡ್ಡ ಮಗಳು ಹಗಲಲ್ಲೂ ಮೂಲೆಯಲ್ಲಿ, ಗೋಡೆಗೆ ಬೆನ್ನು ಕೊಟ್ಟು ಕೂತಿರುತ್ತಿದ್ದಳು. ಮುಂದಿನ ಹತ್ತನೆಯ ಬಾಗಿಲು ನಿಮಗೆ ಎಂದು ಬಾಗಿಲಕ್ಕ ಮಾತು ಕೊಟ್ಟಿದ್ದಳು.

ಮಾರನೆಯ ಬೆಳಿಗ್ಗೆ ಪಾಲಿಶ್ ಮುಗಿಸಿ ಒಣಗಲು ಬಿಟ್ಟು, ಅವಳು ಅಳತೆ ತೆಗೆಯಲು ಅಲ್ಲಿಗೆ ಹೋದಳು. ಬಾಗಿಲ ಕಂಡಿ ಮೂವತ್ತು ಅಂಗುಲ ಅಗಲ, ಆರಡಿ ಎತ್ತರ. ತೇಗದ್ದು ಅದಕ್ಕಿಂತ ಒಂದಡಿ ಅಗಲ, ಒಂದಡಿ ಎತ್ತರ. ಕೊಯ್ಯಬೇಕಾಗುತ್ತದೆ. ಅಳತೆಪಟ್ಟಿ ಸುತ್ತಿದವಳು ಮತ್ತೆ ಬಿಚ್ಚಿ ಇನ್ನೊಮ್ಮೆ ಅಳೆದಳು.

ಹಿಂತಿರುಗಿ ಬಂದಾಗ ಗೋಡೆಯ ಗೀಟುಗಳೆಲ್ಲ ಒರೆಸಿದ್ದವು. ಹೊಸದಾಗಿ ಒಂದೇ ಒಂದು ಗೀಟು. ಹೊರಗೆ ತಳ್ಳುಗಾಡಿಯ ಮೇಲೆ ತೇಗದ ಬಾಗಿಲು ಸಾಹುಕಾರರ ಮನೆಗೆ ಹೊರಡಲು ತಯಾರಾಗಿ ಮಲಗಿತ್ತು. ಗೋಡೆಗೆ ಒರಗಿ ಬಚ್ಚಲ ಬಾಗಿಲು. ಅದರ ಅಂಚಿನಲ್ಲಿ ಕಪ್ಪು ಬೊಟ್ಟು.

"ಬಚ್ಚಲದ್ದೇ ಮೊದಲು ಮುಗೀತು," ಅಂದ ತಮ್ಮ, ಗಾಡಿಗೆ ಹಗ್ಗ ಬಿಗಿಯುತ್ತ. "ಹತ್ತನೆಯದು ಅದು. ಇದು ಹೊಸ ಎಣಿಕೆಗೆ ಒಂದು."

ಅಕ್ಕ ಬಚ್ಚಲ ಬಾಗಿಲ ಸೀಳಿನ ಮೇಲೆ, ಅಂಟು ಕಲಸಿ ತುಂಬಿದ ಮರದ ಹೊಟ್ಟಿನ ಮೇಲೆ, ಹೆಬ್ಬೆರಳೊತ್ತಿದಳು. ಬೆರಳಿನ ಗುರುತು ಹಸಿ ಹಸಿಯಾಗಿ ಹಾಗೇ ಉಳಿಯಿತು.

ಒಳಗೆ ಅಪ್ಪ ಗೋಡೆಯ ಕಡೆಗೆ ಮುಖ ತಿರುಗಿಸಿ ಕೂತಿದ್ದ. ಕೊಟ್ಟ ಗಂಜಿ ಮುಟ್ಟಿರಲಿಲ್ಲ, ಮೇಲೆ ಕೆನೆಗಟ್ಟಿತ್ತು. ಅವಳು ಹತ್ತಿರ ಹೋದಾಗ ಅವನ ಎಡಗೈ ನಿಧಾನವಾಗಿ ಎದ್ದು, ಮೊದಲು ಒಂದು ಬಾಗಿಲಿನ ಕಡೆಗೆ, ಆಮೇಲೆ ಇನ್ನೊಂದರ ಕಡೆಗೆ ಬೆರಳು ಮಾಡಿ, ತೊಡೆಯ ಮೇಲೆ ಬಿತ್ತು. ಎರಡೂ.

ಅವಳಿಗೆ ಗೊತ್ತಾಯಿತು. ಪುಸ್ತಕದ ಅದೇ ಭಾಗದ ಕೊನೆಯಲ್ಲಿ ಇನ್ನೊಂದು ಮಾತಿದೆ. ಹತ್ತನೆಯದನ್ನು ಯಾರಾದರೂ ಬದಲಾಯಿಸಿದರೆ, ಅದೂ ದೇವರದ್ದು, ಅದರ ಬದಲಿಗೆ ತಂದದ್ದೂ ದೇವರದ್ದು, ಎರಡನ್ನೂ ಹಣ ಕೊಟ್ಟು ಬಿಡಿಸಿಕೊಳ್ಳುವಂತಿಲ್ಲ. ಅವಳ ಚಿಕ್ಕಂದಿನಲ್ಲಿ ಅಪ್ಪ ಅದನ್ನು ಓದಿ ನಗುತ್ತಿದ್ದ: "ಜಾಣತನ ಮಾಡಿದವನಿಗೆ ದೇವರು ಎರಡು ಪಟ್ಟು ಕಿವಿ ಹಿಂಡ್ತಾನೆ ನೋಡು."

ಅವಳು ಒಲೆಯಲ್ಲಿ ಮೊಳೆ ಕಾಯಿಸಿದಳು.

"ಅಕ್ಕ, ಏನ್ ಮಾಡ್ತಿದೀಯ?"

"ಉಪ್ಪು ತಿಂದ ಮೇಲೆ ನೀರು ಕುಡೀಬೇಕಲ್ಲ."

"ದೇವರಿಗೆ ಕೂತ್ಕೊಂಡು ನಮ್ಮ ಬಾಗಿಲು ಎಣಿಸೋಕೆ ಪುರುಸೊತ್ತಿದ್ಯಾ?"

"ನಿನಗೆ ಬದಲಾಯಿಸೋಕೆ ಪುರುಸೊತ್ತಿತ್ತಲ್ಲ, ಅವನಿಗೂ ಇರುತ್ತೆ. ಗಾಡಿ ಬಿಡು."

ತಮ್ಮ ಬಿಡಲಿಲ್ಲ. ಅವಳು ಗಾಡಿಯ ಮೇಲೆ ಬಾಗಿ ತೇಗದ ಅಂಚಿಗೆ ಮೊಳೆ ಇಟ್ಟಳು. ಹೊಗೆ ಎದ್ದಿತು. ಇಪ್ಪತ್ತು ವರ್ಷದ ಮರದ ವಾಸನೆ ಬೀದಿಗೆಲ್ಲ ಹರಡಿತು.

ಅವನು ಹಗ್ಗ ಕೈಬಿಟ್ಟ. ಕೂಗಲಿಲ್ಲ, ಕೂಗಿದ್ದರೆ ವಾಸಿಯಿತ್ತು. "ಕೊಡೋಳು ನೀನು, ಕಳ್ಕೊಳ್ಳೋನು ನಾನು," ಅಂದ. "ಆ ಬಾಗಿಲಲ್ಲಿ ನಿನ್ನದೇನಿದೆ? ಚೌಕಟ್ಟು. ನನ್ನ ನಾಲ್ಕು ತಿಂಗಳಿದೆ. ಊರು ನೋಡೋ ಜಾಗದಲ್ಲಿ ನನ್ನ ಕೈ ಒಂದ್ಸಲ ನಿಲ್ಲಲಿ ಅಂತ ಆಸೆಪಟ್ಟೆ. ಅಷ್ಟೇ ನನ್ನ ಕಳ್ಳತನ." ಉಳಿಗಳ ಚೀಲ ಹೆಗಲಿಗೆ ಹಾಕಿಕೊಂಡು ಹೊರಟುಹೋದ.

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ತನ್ನದಲ್ಲದ ದುಡಿಮೆಯನ್ನು ದಾನ ಮಾಡುವುದು ಎಂಥ ಔದಾರ್ಯ ಎಂಬ ಪ್ರಶ್ನೆ ಮುಳ್ಳಿನ ಹಾಗೆ ಒಳಗೆ ಮುರಿದು ನಿಂತಿತು. ಆದರೆ ಬೊಟ್ಟು ಬೊಟ್ಟೇ. ಸುಟ್ಟದ್ದನ್ನು ಅಳಿಸುವ ತೋಪಡ ಅವಳ ಬಳಿ ಇರಲಿಲ್ಲ. ಇದ್ದರೂ ಅದನ್ನು ಮುಟ್ಟುತ್ತಿರಲಿಲ್ಲ.

ಮಾರನೆಯ ದಿನ ಸಾಹುಕಾರರು ಕಾರಿನಲ್ಲಿ ಬಂದರು. ಬೈಯಲು ಬಂದವರ ಹಾಗೆ ಇರಲಿಲ್ಲ. ಸ್ಟೂಲಿನ ಮೇಲಿನ ಹೊಟ್ಟು ತಾವೇ ಒರೆಸಿ ಕೂತರು.

"ನಿನ್ನ ತಮ್ಮ ಎಲ್ಲ ಹೇಳಿದ. ನೋಡಮ್ಮ, ನಾನೂ ದಶಮಾಂಶ ಕೊಡೋನೇ. ನಿನ್ನ ಭಕ್ತಿ ನನಗೆ ಅರ್ಥ ಆಗುತ್ತೆ. ಒಂದು ಕೆಲಸ ಮಾಡೋಣ. ಆ ವಿಧವೆಗೆ ನಾನೇ ಒಳ್ಳೆ ಗಟ್ಟಿ ಬಾಗಿಲು ಕೊಡಿಸ್ತೀನಿ. ಒಂದಲ್ಲ, ಎರಡು. ಇದನ್ನ ನನಗೆ ಬಿಡು."

ನ್ಯಾಯವಾದ ಮಾತೇ. ಅದೇ ಕಷ್ಟ. ಕೆಟ್ಟವನ ಎದುರು ಸೆಟೆದು ನಿಲ್ಲುವುದು ಸುಲಭ. ಸಮಾಧಾನವಾಗಿ ಮಾತಾಡುವವನ ಎದುರು ನಿಲ್ಲುವುದು ಹಾಗಲ್ಲ.

"ಕೊಡಿಸಿ, ಸಾಹುಕಾರ್ರೇ," ಅಂದಳು. "ಆ ಸಾಲಿನಲ್ಲಿ ಬಾಗಿಲಿಲ್ಲದ ಮನೆ ಇನ್ನೂ ಹನ್ನೊಂದಿವೆ. ಇವತ್ತೇ ಕೊಡಿಸಿ. ಆದ್ರೆ ಇದು ನಿಮಗಲ್ಲ."

"ಬೆಲೆ ಹೇಳು ಮತ್ತೆ."

"ನನ್ನದಾಗಿದ್ರೆ ಹೇಳ್ತಿದ್ದೆ. ದೇವರದ್ದನ್ನ ಮಾರೋಕೆ ನಾನ್ಯಾರು?"

"ದೇವರು ಇಷ್ಟು ಕಟ್ಟುನಿಟ್ಟಲ್ಲಮ್ಮ."

"ಅವನು ಕಟ್ಟುನಿಟ್ಟಲ್ಲದೆ ಇರಬಹುದು. ನಾನು ಕಟ್ಟುನಿಟ್ಟು. ಕೀಲಿನ ಒಂದು ಸ್ಕ್ರೂ ಸಡಿಲ ಆದ್ರೆ ಬಾಗಿಲು ಅವತ್ತೇ ಬೀಳಲ್ಲ. ದಿನಕ್ಕೆ ಕೂದಲೆಳೆಯಷ್ಟು ಇಳಿಯುತ್ತೆ. ಒಂದಿನ ನೆಲಕ್ಕೆ ಉಜ್ಜುತ್ತೆ. ಆಮೇಲೆ ಒದ್ದು ತೆಗೀಬೇಕು. ನಾನು ನೋಡಿದೀನಿ."

ಅವರು ಎದ್ದರು. "ಹಾಗಾದ್ರೆ ವಿದ್ಯಾರ್ಥಿನಿಲಯದ ಕೆಲಸ ಬೇರೆಯವರಿಗೆ ಹೋಗುತ್ತೆ. ಗೊತ್ತು ತಾನೇ?"

"ಗೊತ್ತು."

"ಕೊಟ್ಟೋರಿಗೆ ಆಕಾಶದ ಕಿಟಕಿ ತೆರೆಯುತ್ತೆ ಅಂತ ನಾನು ಓದಿದ್ದು ಕೇಳಿ ಹೀಗೆ ಮಾಡ್ತಿದೀಯ. ಮಾತಿಗೂ ಒಂದು ಮಿತಿ ಇರುತ್ತೆ."

ಅವಳ ಮುಖ ಕೆಂಪಾಯಿತು. "ಕಿಟಕಿಗೋಸ್ಕರ ಅಲ್ಲ ಸಾಹುಕಾರ್ರೇ. ಕಿಟಕಿ ನಾನೇ ಮಾಡ್ಕೋತೀನಿ, ಅದೇ ನನ್ನ ಕಸುಬು."

ಕಾರು ಹೋದ ಮೇಲೆ ಅವಳು ಬೆರಳು ಮಡಿಸಿ ಲೆಕ್ಕ ಹಾಕಿದಳು. ಅರವತ್ತು ಬಾಗಿಲು ಎಂದರೆ ಒಂದು ವರ್ಷದ ಅನ್ನ. ಅಪ್ಪನ ಔಷಧಿ. ಕೈಗೆ ಬಂದ ತುತ್ತನ್ನು ತಾನೇ ತಟ್ಟಿ ಬೀಳಿಸಿದಂತಾಗಿತ್ತು. ಮರದ ರಾಶಿಯ ಹಿಂದೆ ಹೋಗಿ, ಯಾರಿಗೂ ಕಾಣದ ಹಾಗೆ ಕೂತು, ಅವಳು ಮಾತಾಡಿದಳು. ಪ್ರಾರ್ಥನೆ ಎನ್ನುವುದಕ್ಕಿಂತ ಜಗಳ ಎನ್ನಬಹುದು. "ಕೊಟ್ಟು ನನ್ನನ್ನ ಪರೀಕ್ಷೆ ಮಾಡಿ ನೋಡಿ, ಕಿಟಕಿ ತೆರೀತೀನಿ ಅಂದಿದ್ದೀಯಂತೆ. ನಾನು ಮಾಡಲ್ಲ. ನೀನು ಸುರಿಸಿದ್ರೂ ಹತ್ತನೆಯದು ನಿನ್ನದು, ಸುರಿಸದೆ ಇದ್ರೂ ನಿನ್ನದು. ನಿನ್ನ ಜೊತೆ ವ್ಯಾಪಾರ ಮಾಡೋಕೆ ಬಂದಿಲ್ಲ ನಾನು. ಆದ್ರೆ ನನ್ನ ತಮ್ಮನ್ನ ವಾಪಸ್ ಕಳಿಸು. ಅವನನ್ನ ನಾನು ಎಣಿಕೆಗೆ ಇಟ್ಟಿರಲಿಲ್ಲ."

ಆ ಮಧ್ಯಾಹ್ನ ಅಪ್ಪ ಗಂಜಿ ಕುಡಿದ.

ಎರಡು ದಿನ ಕಾದಳು. ತಮ್ಮ ಬರಲಿಲ್ಲ. ಮೂರನೆಯ ದಿನ ಮಧ್ಯಾಹ್ನ, ಬಚ್ಚಲ ಬಾಗಿಲಿನ ಸೀಳು ಸರಿಯಾಗಿ ಮುಗಿಸಿ, ಎರಡೂ ಬಾಗಿಲು ಗಾಡಿಗೇರಿಸಿ, ಒಬ್ಬಳೇ ತಳ್ಳಿಕೊಂಡು ಹೊರಟಳು. ಬೀದಿಯ ತಿರುವಿನಲ್ಲಿ ಗಾಡಿ ಇದ್ದಕ್ಕಿದ್ದಂತೆ ಹಗುರವಾಯಿತು. ತಿರುಗಿ ನೋಡಲಿಲ್ಲ. ಹಿಂದಿನಿಂದ ತಳ್ಳುತ್ತಿದ್ದವನ ಉಸಿರಾಟ, ಅವನ ಆರನೆಯ ವಯಸ್ಸಿನಿಂದ ಅವಳಿಗೆ ಗೊತ್ತಿತ್ತು.

"ಕೆಲಸಕ್ಕೆ ಬಂದಿಲ್ಲ," ಅಂದ ಅವನು. "ನೀನು ಬೀಳಿಸಿ ಹಾಳು ಮಾಡ್ತೀಯ ಅಂತ ಬಂದೆ."

"ತಳ್ಳು ಸುಮ್ನೆ."

ಸಾಲುಮನೆಯ ಹೆಂಗಸರು ಮಕ್ಕಳು ಮುತ್ತಿಕೊಂಡರು. ಇಸ್ತ್ರಿಯಮ್ಮ ಸೆರಗಿಗೆ ಕೈ ಒರೆಸುತ್ತ ಬಂದು, ಬಾಗಿಲು ನೋಡಿ, ಎರಡು ಹೆಜ್ಜೆ ಹಿಂದೆ ಸರಿದಳು.

"ಅಯ್ಯೋ ಬಾಗಿಲಕ್ಕ, ದಾರಿ ತಪ್ಪಿ ಬಂದ್ಯಾ? ಇದು ಮೂಗಿಗಿಂತ ಮೂಗುತಿ ಭಾರ ಆಯ್ತು! ಇದನ್ನ ಇಟ್ರೆ ಕಳ್ಳರು, ಒಳಗೆ ಏನೋ ಇದೆ ಅಂತ ಹುಡುಕ್ಕೊಂಡು ಬರ್ತಾರೆ. ಆ ಬಡಕಲು ಬಾಗಿಲೇ ಕೊಡು, ಸಾಕು."

"ಅದು ಸಾಲಿನ ಕೊನೆಯ ಕಕ್ಕಸಿಗೆ. ಇದು ನಿಮ್ಮದು. ಅಳತೆಗೆ ಕೊಯ್ತೀನಿ."

ಅವಳು ಪೆನ್ಸಿಲಿನಿಂದ ಗೆರೆ ಎಳೆದಳು. ಗೆರೆ ಗಿಡದ ತಲೆಯನ್ನೂ ಒಂದು ಪಕ್ಕದ ಹಣ್ಣುಗಳನ್ನೂ ಸೀಳಿ ಹೋಯಿತು. ಗರಗಸ ಎತ್ತಿದಳು. ಇಟ್ಟಳು. ಮತ್ತೆ ಎತ್ತಿದಳು. ತಮ್ಮ ನೋಡುತ್ತಿರಲಿಲ್ಲ. ಅವನು ನೋಡುತ್ತಿದ್ದದ್ದು ಬೇರೆ ಏನನ್ನೋ. ಮೂಲೆ ಬಿಟ್ಟು ಏಳುತ್ತಲೇ ಇರಲಿಲ್ಲವಲ್ಲ, ಆ ದೊಡ್ಡ ಹುಡುಗಿ, ಯಾವಾಗಲೋ ಹೊರಗೆ ಬಂದು ಗಾಡಿಯ ಬಳಿ ನಿಂತಿದ್ದಳು. ಬಿರಿದ ಹಣ್ಣಿನೊಳಗೆ ಬೆರಳಿಟ್ಟು ಒಂದೊಂದೇ ಬೀಜ ಮುಟ್ಟುತ್ತಿದ್ದಳು. ಎಲ್ಲ ಮುಟ್ಟಿ ಮುಗಿಸಿ ಮತ್ತೆ ಮೊದಲಿನಿಂದ.

"ಕೊಯ್ಯಬೇಡ," ಅಂದ ತಮ್ಮ.

"ಮತ್ತೆ? ಹಿಂದಕ್ಕೆ ತಗೊಂಡು ಹೋಗ್ಲಾ? ಆಗಲ್ಲ."

"ಹಿಂದಕ್ಕೆ ಯಾರು ಕೇಳಿದ್ರು? ನನ್ನ ಬಾಗಿಲು ಕೊಯ್ಯಬೇಡ ಅಂದೆ." ಚೀಲದಿಂದ ದೊಡ್ಡ ಸುತ್ತಿಗೆ ತೆಗೆದ. "ಗೋಡೆ ಒಡೀತೀನಿ."

ಇಸ್ತ್ರಿಯಮ್ಮ ಬಾಯಿ ಮುಚ್ಚಿಕೊಂಡಳು. "ಯಪ್ಪಾ, ಬಾಡಿಗೆ ಗೋಡೆ ಕಣಪ್ಪಾ ಅದು! ಮನೆಯ ಮಾಲೀಕ ಬಂದು ಕೇಳಿದ್ರೆ?"

"ನಾಲ್ಕು ವರ್ಷದಿಂದ ಬಾಗಿಲು ಕೊಡದೆ ಬಾಡಿಗೆ ತಗೊಂಡೋನು ಅಲ್ವಾ? ಬರಲಿ," ಅಂದ ಅವನು, ಮೊದಲ ಇಟ್ಟಿಗೆಗೆ ಗುರಿಯಿಡುತ್ತ. "ಆದ್ರೆ ಇನ್ಮೇಲೆ ಬಾಗಿಲು ತಟ್ಟಿ ಬರಲಿ."

ಸಾಲುಮನೆ ಗೊಳ್ಳೆಂದು ನಕ್ಕಿತು. ಆಮೇಲೆ ನಕ್ಕವರೇ ಒಬ್ಬೊಬ್ಬರಾಗಿ ಬಂದರು. ಒಬ್ಬ ಇಟ್ಟಿಗೆ ಹೊತ್ತ, ಒಬ್ಬಳು ಗಾರೆ ಕಲಸಿದಳು, ಗೋದಾಮಿನ ಕಾವಲುಗಾರ ಎಲ್ಲಿಂದಲೋ ಒಂದು ಗಟ್ಟಿ ತೊಲೆ ತಂದು ಮೇಲೆ ಆಸರೆ ಕೊಟ್ಟ. ಬಾಗಿಲಕ್ಕ ಚೌಕಟ್ಟು ಕೂರಿಸಿ ಮಟ್ಟ ನೋಡಿದಳು. ತಮ್ಮ ಕೀಲು ಹೊಡೆದ. ಸುಟ್ಟ ಬೊಟ್ಟಿನ ಮೇಲೆ ಕೀಲಿನ ತಗಡು ಕೂರುವ ಮುನ್ನ ಒಂದು ಗಳಿಗೆ ಕೈ ನಿಲ್ಲಿಸಿ, ಹೆಬ್ಬೆರಳಿನಿಂದ ಅದನ್ನು ಉಜ್ಜಿದ. ಆಮೇಲೆ ಸ್ಕ್ರೂ ತಿರುಗಿಸಿದ.

"ಅಕ್ಕ, ಅರವತ್ತು ಬಾಗಿಲು ಹೋಯ್ತು," ಅಂದ, ತಲೆ ಎತ್ತದೆ.

"ಹೋಯ್ತು."

"ಏನ್ ತಿಂತೀವಿ?"

"ಗೊತ್ತಿಲ್ಲ. ಇಲ್ಲಿಯವರೆಗೆ ಒಂಬತ್ತರಲ್ಲೇ ತಿಂದಿದೀವಿ. ಹತ್ತನೆಯದು ಯಾವತ್ತೂ ನಮ್ಮ ಹೊಟ್ಟೆಗೆ ಬಂದಿದ್ದೇ ಇಲ್ಲ."

ಬೆಳಕು ಇಳಿಯುವ ಹೊತ್ತಿಗೆ ಬಾಗಿಲು ನಿಂತಿತು. ಮೋಟು ಗೋಡೆ, ತಗಡಿನ ಸೂರು, ನಡುವೆ ಹಣ್ಣು ತುಂಬಿದ ಗಿಡ. ನೋಡಿದರೆ ನಗು ಬರುವಂತಿತ್ತು, ಯಾರೂ ನಗಲಿಲ್ಲ. ಇಸ್ತ್ರಿಯಮ್ಮ ಸೆರಗಿನಿಂದ ಬಾಗಿಲಿನ ಧೂಳು ಒರೆಸಿ, ಮುಟ್ಟಲು ಬಂದ ಚಿಕ್ಕ ಮಗಳ ತಲೆಗೆ ಮೊಟಕಿದಳು. ದೊಡ್ಡ ಹುಡುಗಿ ತಾಯಿಯನ್ನೂ ತಂಗಿಯನ್ನೂ ಒಳಗೆ ಎಳೆದುಕೊಂಡು, ಅಕ್ಕ ತಮ್ಮಂದಿರ ಮುಖದ ಮೇಲೆಯೇ ಬಾಗಿಲು ಹಾಕಿದಳು. ಚಿಲಕ ಬಿದ್ದ ಸದ್ದು ಕೇಳಿಸಿತು. ಆಮೇಲೆ ಅಗುಳಿ. ಆಮೇಲೆ, ನಂಬಿಕೆ ಸಾಲದೆ, ಚಿಲಕ ಇನ್ನೊಮ್ಮೆ.

ತಮ್ಮ ಚೀಲ ತಡವಿದ. "ನನ್ನ ಸುತ್ತಿಗೆ ಒಳಗೇ ಉಳೀತು."

"ತಟ್ಟು ಮತ್ತೆ."

ನಾಲ್ಕು ತಿಂಗಳು ತಾನೇ ಕೆತ್ತಿದ ಮರದ ಮೇಲೆ ಅವನು ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿದ.

"ಯಾರು?" ಒಳಗಿನಿಂದ ಹುಡುಗಿಯ ಗಟ್ಟಿ ದನಿ.

"ನಾನು. ಬಾಗಿಲು ಮಾಡಿದವನು."

ಒಳಗೆ ಅಗುಳಿಯನ್ನು ಇನ್ನಷ್ಟು ಒತ್ತಿದ ಸದ್ದು.

"ಈಗ ತೆಗೆಯಲ್ಲ," ಅಂದಳು ಹುಡುಗಿ. "ನಾಳೆ ಬನ್ನಿ."